ಮಸುಕಾದ ಸೋದರಮಾವ

ನನ್ನ ಕ್ಯಾಮೆರಾ ಕಂಡರೆ ನನಗೇ ಅಸಹ್ಯವಾಗತೊಡಗಿತ್ತು. ಹಿಂದೂಪುರದ ಹೆಸರಾಂತ ಮದುವೆ ವಿಡಿಯೋಗಾರ (ಹಾಗೆಂದು ಬೋರ್ಡು ಬರೆಸಿದವನು ನಾನೇ) ತೆಗೆದ ಕ್ಯಾಸೆಟ್ಟಿನಲ್ಲಿ ಮದುಮಗಳೂ ಹಿಂದಿನ ಶಾಮಿಯಾನವೂ ಒಂದೇ ಸಮನಾಗಿ ಕಂಡರೆ ಕಲೆ ಎಲ್ಲಿ ಬಂತು? ಸಿನಿಮಾದಲ್ಲಿ ನೋಡಿ, ನಾಯಕಿಯ ಮುಖ ಮಾತ್ರ ಚೊಕ್ಕ, ಹಿಂದಿನದೆಲ್ಲ ಮಂಜು ಮಂಜು. ಹಾಗೆ ತೆಗೆಯುವ ಕ್ಯಾಮೆರಾ ಬೆಂಗಳೂರಿನ ಅಂಗಡಿಯೊಂದರಲ್ಲಿತ್ತು. ಹಳೆಯದನ್ನು ಕೊಟ್ಟರೆ ಹೊಸದನ್ನು ಅಗ್ಗಕ್ಕೆ ಕೊಡುತ್ತೇವೆ ಎಂದಿದ್ದರು.

ತೊಡಕೇನೆಂದರೆ, ಹಳೆಯದನ್ನು ಕೊಡಿಸಿದವರು ಪರಿಗಿಯ ನನ್ನ ಮಾವನವರು.

"ನಮ್ಮಪ್ಪ ಕೊಡ್ಸಿದ್ದು ನಿಮಗೆ ಬ್ಯಾಡವಾಯ್ತೇನು?" ಎಂದಳು ನನ್ನ ಅರ್ಧಾಂಗಿ ಪಂಪಮ್ಮ.

"ಇದು ಕಲಾದೃಷ್ಟಿ ಕಣೇ!"

"ದೃಷ್ಟಿ ಕೆಟ್ರೆ ಕಣ್ಣಾಸ್ಪತ್ರೆಗೆ ಹೋಗಿ."

ನಾನು ಊಟ ಬಿಟ್ಟೆ. ಅವಳು ಅಡುಗೆ ಬಿಟ್ಟಳು. ಕೊನೆಗೆ ಘನಘೋರ ಸಂಧಾನವಾಯಿತು. ಹೊಸ ಕ್ಯಾಮೆರಾವನ್ನು ಒಂದು ಮದುವೆಗೆ ಬಾಡಿಗೆಗೆ ತರುವುದು, ಆ ಮನೆಯವರು ಮೆಚ್ಚಿದರೆ ಕೊಳ್ಳುವುದು. ಇಲ್ಲದಿದ್ದರೆ ನಾನು ಈ ಜನ್ಮದಲ್ಲಿ ಆ ಮಾತೆತ್ತಕೂಡದು.

ಮದುವೆ ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಮಗಳದು. "ಬಾಡಿಗೆದು ಕೈಕೊಟ್ರೆ ಇರ್ಲಿ" ಎಂದು ಪಂಪಮ್ಮನೂ ಅಪ್ಪನ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದಳು. ನಾನು ಮಂಟಪ ಬಿಟ್ಟು ಕದಲಲಿಲ್ಲ. ನಮ್ಮ ಕಡೆ ಪಂಕ್ತಿಯ ಮುಂದೆ ಕ್ಯಾಮೆರಾ ಹಾದುಹೋಗುವವರೆಗೂ ಯಾರೂ ಹೋಳಿಗೆ ಮುರಿಯುವುದಿಲ್ಲ. ಆ ಕ್ಷುಲ್ಲಕ ಕೆಲಸವನ್ನು ಅವಳಿಗೇ ಬಿಟ್ಟೆ.

ಕ್ಯಾಸೆಟ್ ತೋರಿಸುವ ದಿನ ಮಲ್ಲಿಕಾರ್ಜುನಪ್ಪನವರ ಪಡಸಾಲೆ ತುಂಬಿತ್ತು. ಟೀವಿಗೆ ಎದುರಾಗಿ ಕೂತವರು ಕಂಬದೂರಿನ ಕರಿಸಿದ್ದಪ್ಪ, ಮದುಮಗಳ ಸೋದರಮಾವ. ತೆರೆಯ ಮೇಲೆ ಮದುಮಗಳ ಮುಖ ಬಂತು. ರೆಪ್ಪೆಗೂದಲು ಸಹ ಎಣಿಸಬಹುದಿತ್ತು! ಆದರೆ ಕರಿಸಿದ್ದಪ್ಪ ಕಣ್ಣು ಕಿರಿದಾಗಿಸಿ ಟೀವಿಯತ್ತ ಬಾಗಿದರು.

"ಪಕ್ಕದಾಗೆ ಆ ಹಳದಿ ಮುದ್ದೆ ಏನಯ್ಯಾ?" ಎಂದರು ಕರಿಸಿದ್ದಪ್ಪ.

"ಅದು... ತಾವೇ. ತಮ್ಮ ರುಮಾಲು."

"ಮುಖ ಎಲ್ಲೋಯ್ತು?"

"ಸಿನಿಮಾದಲ್ಲಿ ಹಿಂದಿನದೆಲ್ಲ ಹೀಗೇ..."

"ಏಮಯ್ಯಾ! ಹುಡುಗೀನ ಕೈ ಹಿಡ್ದು ಮಂಟಪಕ್ಕೆ ತಂದೋನು ನಾನು. ನಾನು ಹಿಂದಿನೋನಾ? ನಾಳೆ ಸೋದರಮಾವ ಬರ್ಲೇ ಇಲ್ಲ ಅಂದ್ಬುಟ್ರೆ ಸಾಕ್ಷಿ ಏನೈತೆ?"

ಟವೆಲ್ ಕೊಡವಿ ಎದ್ದರು. "ಇನ್ನೀ ಮನೆ ಹೊಸ್ಲು ತುಳಿಯಲ್ಲ!" ಮಲ್ಲಿಕಾರ್ಜುನಪ್ಪ ಓಡಿ ಅಡ್ಡ ನಿಂತರು. ಮದುಮಗಳು ಅಳತೊಡಗಿದಳು. ಕ್ಯಾಮೆರಾ ಹಾಳಾಗಲಿ, ಒಂದು ಸಂಬಂಧವನ್ನೇ ಮುರಿದೆನಲ್ಲ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಅಷ್ಟರಲ್ಲಿ, ನನ್ನ ಜೊತೆ ಬಂದಿದ್ದ ಪಂಪಮ್ಮ ಸದ್ದಿಲ್ಲದೆ ತನ್ನ ಕ್ಯಾಸೆಟ್ ಹಾಕಿದಳು. ಊಟದ ಪಂಕ್ತಿ! ಒಂದೊಂದು ಮುಖವೂ, ಒಂದೊಂದು ಎಲೆಯೂ ಸ್ಪಷ್ಟ. ನಡುವೆ ಕರಿಸಿದ್ದಪ್ಪ, ಮೀಸೆಯ ತುದಿಯಲ್ಲಿ ತುಪ್ಪ.

ಹೊಸ್ತಿಲ ಮೇಲಿದ್ದ ಕಾಲು ನಿಂತಿತು. ತಿರುಗಿತು. ಅವರು ಮತ್ತೆ ಕೂತರು.

"ಇನ್ನೊಂದ್ ಸಲ ಹಾಕಮ್ಮ. ನಮ್ ಹುಡುಗನ ಮದ್ವೆಗೂ ನೀನೇ ಬರ್ಬೇಕು ಕಣಮ್ಮ."

"ನಾನು?" ಎಂದೆ.

"ನೀವೂ ಬನ್ನಿ ಸ್ವಾಮಿ, ಊಟಕ್ಕೆ."

ಆ ಮದುವೆಗೂ ಹೋಗಿದ್ದೆ. ಪಂಪಮ್ಮ ತೆಗೆದ ಕ್ಯಾಸೆಟ್ಟಿನಲ್ಲಿ ನನ್ನ ಮುಖ ಬಹಳ ಚೆನ್ನಾಗಿ ಬಂದಿದೆ. ಎಷ್ಟು ಚೆನ್ನಾಗಿ ಎಂದರೆ, ಕರಿಸಿದ್ದಪ್ಪನವರ ಹೆಂಡತಿ ನೋಡಿದ ಕೂಡಲೇ ಕೇಳಿದರು, "ಯಾರಮ್ಮ ಇವ್ರು, ಹಿಂಗೆ ಮುಖ ಸಿಂಡರಿಸ್ಕೊಂಡು ಕೂತವ್ರೆ?"

"ನಮ್ಮೋರೇ ಕಣಮ್ಮ," ಎಂದಳು ಪಂಪಮ್ಮ. "ಬ್ಯಾಗ್ ಹೊರೋಕೆ ಬಂದಿದ್ರು."