ಅತ್ತೆಯ ಹೆಸರಿನ ಶಿಖರ

ಜೂನ್ ಎಂಟು, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತೆ. ಉಪ್ಪಳದ ಬಸ್ಸು ಎಲ್ಲಿ ನಿಲ್ಲುತ್ತದೆಂದು ನನ್ನ ಮಾವನಿಗೆ ಇವತ್ತಿಗೂ ಗೊತ್ತಿಲ್ಲ. ಯಾವ ನಕ್ಷತ್ರ ಎಷ್ಟು ಗಾಮಾ ಕಿರಣ ಉಗುಳುತ್ತದೆಂದು ಮಾತ್ರ ಬಾಯಿಪಾಠ!

ಸೀತಾಂಗೋಳಿಯಲ್ಲಿ ಅವರದು ಟಿವಿ ರಿಪೇರಿ ಅಂಗಡಿ. ಬಾಹ್ಯಾಕಾಶದಲ್ಲಿ ಸುತ್ತುವ ಗಾಮಾ ದೂರದರ್ಶಕವೊಂದರ ಮಾಹಿತಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆಂದು ತಿಳಿದಂದಿನಿಂದ ಗಿರಾಕಿಗಳ ಟಿವಿಗಳೆಲ್ಲ ಮೂಕವಾಗಿ ಕುಳಿತಿವೆ.

"ನನ್ನ ಟಿವಿ ಎಂತ ಆಯ್ತು ಮಾರಾಯ್ರೆ?"

"ಸ್ವಲ್ಪ ತಾಳಿ, ಒಂದು ನಕ್ಷತ್ರ ಡೌನ್‌ಲೋಡ್ ಆಗ್ತಾ ಉಂಟು."

ಯಾವ ಶಕ್ತಿಯ ಕಿರಣ ಎಷ್ಟು ಬಂತೆಂದು ಪ್ರತಿ ನಕ್ಷತ್ರಕ್ಕೂ ಒಂದು ಗ್ರಾಫ್. ಮೇ ತಿಂಗಳಲ್ಲಿ ಒಂದು ನಕ್ಷತ್ರದ ಗ್ರಾಫಿನ ನಡುವೆ ಒಂದು ಶಿಖರ ಎದ್ದಿತು. ಲೋಕದಲ್ಲಿ ಯಾರೂ ಕಾಣದ ಶಿಖರ! ಮಾವ ಅದಕ್ಕೆ ಅತ್ತೆಯ ಹೆಸರಿಟ್ಟು, ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದರು. ಮದುವೆಯಾದ ಮೇಲೆ ಅತ್ತೆಗೆ ಅವರು ಕೊಟ್ಟ ಎರಡನೆಯ ಉಡುಗೊರೆ ಅದು. ಮೊದಲನೆಯದು ಗಿರಾಕಿಯೊಬ್ಬ ಬಿಟ್ಟುಹೋದ ಮಿಕ್ಸಿ. ವಿಜ್ಞಾನಿಗಳಿಗೆ ಪತ್ರವೂ ತಯಾರಾಯಿತು.

ನನಗೋ ಎಲ್ಲವನ್ನೂ ಗೆರೆ ಎಳೆದು ಎಣಿಸುವ ಚಟ. ನಿನ್ನೆ ಮಾವನ ಗ್ರಾಫುಗಳನ್ನೆಲ್ಲ ಹರಡಿ ಎಣಿಸಿದೆ: ಹದಿನಾಲ್ಕು ನಕ್ಷತ್ರ, ಹದಿನಾಲ್ಕರಲ್ಲೂ ಅದೇ ಜಾಗದಲ್ಲಿ ಅದೇ ಶಿಖರ. ಇವೆಲ್ಲ ಮೊದಲೇ ಮಾತಾಡಿಕೊಂಡು ಬಂದಿದ್ದವೆ?

"ಮಾವ, ನಕ್ಷತ್ರ ಇಲ್ಲದಿದ್ದರೂ ದೂರದರ್ಶಕ ತಾನೇ ಎಣಿಸಿಕೊಳ್ಳುವ ಯಂತ್ರದ ಗದ್ದಲ ಇರ್ತದಲ್ಲ, ಅದನ್ನು ಕಳೆದಿರಾ?"

"ಕಳೆಯದೆ ಉಂಟಾ? ಖಾಲಿ ಆಕಾಶದ ಫೈಲ್ ಒಂದು ಇಳಿಸಿ ಇಟ್ಟಿದ್ದೇನೆ, ಅದರಲ್ಲಿ ಇರುವುದು ಬರೀ ಗದ್ದಲ. ಎಲ್ಲದರಿಂದಲೂ ಅದನ್ನೇ ಕಳೆಯುವುದು."

"ಯಾವಾಗಿನದ್ದು?"

"ಎರಡು ವರ್ಷ ಆಯ್ತು. ನಿನ್ನ ಅತ್ತೆ ಒಮ್ಮೆ ಮಸಾಲೆ ಅರೆದರೆ ಮೂರು ದಿನ ಮೀನಿಗೆ ಅದೇ ಅಲ್ವಾ?"

ಈ ಎರಡು ವರ್ಷಗಳಲ್ಲಿ ಯಂತ್ರದ ಗದ್ದಲ ಸರಿಯಾಗಿ ಆ ಶಿಖರದ ಜಾಗದಲ್ಲೇ ಏರಿತ್ತು. ಹೊಸ ಫೈಲ್ ಇಳಿಸಿ ಕಳೆದೆವು. ಹದಿನಾಲ್ಕು ಶಿಖರಗಳೂ ಮಾಯ! ಮಾವ ಪತ್ರವನ್ನು ಹರಿದು ಹಾಕಿದರು. ಫ್ರಿಜ್ಜಿನ ಕಡೆಗೆ ಮಾತ್ರ ಅವರಿಗೆ ಕಾಲೇ ಬರಲಿಲ್ಲ. ಕೊನೆಗೆ ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅತ್ತೆ ಮೀನು ಕತ್ತರಿಸುವುದನ್ನು ನಿಲ್ಲಿಸಿದರು. "ಅಂದ್ರೆ ಅದು ನಕ್ಷತ್ರದಲ್ಲಿ ಇಲ್ವಾ?"

"ಇಲ್ಲ ಅತ್ತೆ. ನೋಡುವ ಯಂತ್ರದ ಒಳಗೇ ಇದ್ದದ್ದು. ಹಾಗಾಗಿ ಎಲ್ಲಿ ನೋಡಿದರೂ ಅದೇ ಕಾಣ್ತದೆ."

ಅತ್ತೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಮಾವನ ಕಡೆ ತಿರುಗಿದರು. "ಇವರಿಗೆ ಎಲ್ಲಿ ನೋಡಿದರೂ ನಾನೇ ಕಾಣುವುದಂತೆ! ಆ ಕಾಗದವನ್ನು ಯಾರೂ ಮುಟ್ಟಬೇಡಿ, ಅಲ್ಲೇ ಇರಲಿ."

ನನ್ನ ಡೈರಿಯಲ್ಲಿರುವುದು ಎರಡೇ ಕಾಲಂ: ಸರಿ, ತಪ್ಪು. ಈ ಹದಿನಾಲ್ಕು ಗೆರೆಗಳನ್ನು ಯಾವುದರಲ್ಲಿ ಹಾಕಲಿ? ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಎರಡು ಸಾಲು ಬರೆಯಿರಿ.