ಗೂಡು ಕಟ್ಟಿದ ಗ್ರಾಫಿಕ್ ಕಾದಂಬರಿ

"ಕೋದಂಡರಾಮಪ್ಪ ಮೇಷ್ಟ್ರ ಮನೇಲಿ ರೇಷ್ಮೆಹುಳಾನೂ ಪೇಪರ್ ಓದಿಯೇ ಮಲಗೋದು!" ಎಂದು ಹೋಳೂರಿನ ಅಕ್ಕಪಕ್ಕದವರು ನಗುತ್ತಿದ್ದರು. ಸುಳ್ಳೇನಲ್ಲ. ಕೈಗೆ ಸಿಕ್ಕ ಕಾಗದವನ್ನೆಲ್ಲ ಹೆಂಡತಿ ಅಶ್ವತ್ಥಮ್ಮ ಹುಳದ ತಟ್ಟೆಗೆ ಹಾಸಿಬಿಡುತ್ತಿದ್ದರು. ಮೇಷ್ಟ್ರ ಪಿಂಚಣಿ ಆದೇಶದ ಮೇಲೂ ಒಂದು ತಲೆಮಾರಿನ ಹುಳ ಉಂಡು ಮಲಗಿತ್ತು!

ಅಂಥ ಮೇಷ್ಟ್ರು ಒಂದು ತಿಂಗಳಿಂದ ಅಂಚೆಯವನ ದಾರಿ ಕಾಯುತ್ತಿದ್ದರು. ಚಿನ್ನದ ಗಣಿ ಕೆಲಸಗಾರರ ನಿಜ ಬದುಕನ್ನು ಚಿತ್ರಗಳಲ್ಲೇ ಹೇಳುವ ಗ್ರಾಫಿಕ್ ಕಾದಂಬರಿ ಬರಬೇಕಿತ್ತು. ಭಾನುವಾರ ಕೋಲಾರದ ಓದುಗರ ಕೂಟದಲ್ಲಿ ಅದರ ಮೇಲೆ ಭಾಷಣ ಮಾಡುತ್ತೇನೆಂದು ಊರಿಗೆಲ್ಲ ಡಂಗುರ ಬೇರೆ!

"ಈ ವಯಸ್ಸಲ್ಲಿ ಬೊಂಬೆ ಪುಸ್ತಕಾನಾ?" ಎಂದರು ಅಶ್ವತ್ಥಮ್ಮ.

"ಬೊಂಬೆ ಅಲ್ಲ ಕಣೇ, ಗಂಭೀರ ಸಾಹಿತ್ಯ! ನಿಂಗೆಲ್ಲಿ ಅರ್ಥ ಆಗ್ಬೇಕು!"

ಗುರುವಾರ ಪುಸ್ತಕ ಬಂತು. ಹುಳಮನೆಯ ಮೂಲೆಯಲ್ಲಿ ನಿಂತು ಎರಡು ಪುಟ ತಿರುವಿದ್ದರಷ್ಟೇ, ಹೆಂಡತಿಯ ಹೆಜ್ಜೆ ಸದ್ದು! ತಟ್ಟೆಗೆ ಹಾಸಿಯಾಳೆಂದು ಹೆದರಿ, ತೆರೆದ ಪುಸ್ತಕವನ್ನು ಹಾಗೆಯೇ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳ ನಡುವೆ ನಿಲ್ಲಿಸಿ ಜಾರಿಕೊಂಡರು. ಹುಳ ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದಿರುವುದೂ, ಹೆಂಡತಿ ಅವನ್ನು ಆಯ್ದು ಚಂದ್ರಿಕೆಗೆ ಬಿಡಲೆಂದೇ ಬರುತ್ತಿರುವುದೂ ಪಂಡಿತರಿಗೆ ಗೊತ್ತಿರಲಿಲ್ಲ.

ಸಂಜೆ ಬಂದು ನೋಡಿದರೆ ಐವತ್ತು ಹುಳ ಪುಸ್ತಕ ಹತ್ತಿ, ಪುಟಕ್ಕೆ ಪುಟ ಹೊಲಿಯುತ್ತಿವೆ! ಮೇಷ್ಟ್ರು ಕೈ ಚಾಚಿದರು.

"ಮುಟ್ಟಿದ್ರೆ ನೋಡಿ! ಗೂಡು ಕೆಡ್ತದೆ. ಐದು ದಿನ ಸುಮ್ನಿರಿ."

"ಭಾನುವಾರಕ್ಕೆ ಮೂರೇ ದಿನ ಕಣೇ! ಅಯ್ಯೋ ದೇವುಡಾ!"

ಮೇಷ್ಟ್ರು ಅಂಗಳದಲ್ಲಿ ಶತಪಥ ತಿರುಗಿದರು. ಅಶ್ವತ್ಥಮ್ಮ ಮಾತ್ರ ಇರುವೆ ಬಾರದಂತೆ ಗೂಡು ಕಾಯುತ್ತ, ತೆರೆದಿದ್ದ ಆ ಎರಡೇ ಪುಟಗಳ ಮುಂದೆ ಮೂರು ದಿನ ಕೂತರು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಹೊರಟರು. ಕನ್ನಡಕ ಮರೆತೆನೆಂದು ವಾಪಸಾದರು. ಮತ್ತೆ ಹೊರಟರು, ಕರವಸ್ತ್ರಕ್ಕೆಂದು ಮತ್ತೆ ವಾಪಸ್! ನಿಜಕ್ಕೂ ಇಲ್ಲದ್ದು ಧೈರ್ಯ.

"ರೀ, ಆ ಚಿತ್ರದಲ್ಲಿ ಒಬ್ಳು ಗಣಿ ಬಾಗಿಲಲ್ಲಿ ಬುತ್ತಿ ಹಿಡ್ಕೊಂಡು ನಿಂತವಳೆ," ಎಂದರು ಅಶ್ವತ್ಥಮ್ಮ. "ಎಲ್ರೂ ಮೇಲಕ್ಕೆ ಬಂದ್ರು, ಅವಳ ಗಂಡ ಬರ್ಲಿಲ್ಲ. ಆಮೇಲೂ ಬುತ್ತಿ ಕೆಳಗಿಟ್ಟಿಲ್ಲ, ಪಾಪ. ಇದ್ರಲ್ಲಿ ನಂಗೆ ಅರ್ಥ ಆಗ್ದೇ ಇರೋದು ಏನೈತೆ?"

ಮೇಷ್ಟ್ರು ಹೆಂಡತಿಯ ಚೀಲ ಎತ್ತಿಕೊಂಡರು. ಮೂರನೇ ಸಲ ಮನೆ ಬಿಟ್ಟಾಗ ಮುಂದೆ ಅಶ್ವತ್ಥಮ್ಮ, ಹಿಂದೆ ಇವರು.

"ಏನ್ ಮೇಷ್ಟ್ರೇ, ಭಾಷಣ ನಿಮ್ದಲ್ವಾ?" ಎಂದ ಪಕ್ಕದ ಮನೆಯ ಗಂಗುಲಪ್ಪ.

"ನಂದೇ ಕಣಪ್ಪ. ಓದಿರೋದು ಮಾತ್ರ ಇವಳು!"