ಮೀನು ತಿನ್ನದವನ ಕೈಯಲ್ಲಿ ಗಾಳ

ಗಾಳ ಹಾಕಿ ಕೂತವನಿಗೆ ಮೀನು ಸಿಗಲಿ ಬಿಡಲಿ, ಗೊಂದಲವಂತೂ ತಪ್ಪದೆ ಸಿಗುತ್ತದೆ. ನಾನು ಭಾಲ್ಕಿಯಲ್ಲಿ ಟೇಲರ್. ವಾರಕ್ಕೊಂದು ದಿನ ಅಂಗಡಿ ಬಂದ್ ಮಾಡಿ ಕಾರಂಜಾ ಡ್ಯಾಮಿನ ದಂಡೆಗೆ ಹೋಗುತ್ತೇನೆ. ಬೀದರಿನಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾ ಜೊತೆಗೆ ಬರುತ್ತಾರೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೀನು ತಿನ್ನುವುದಿರಲಿ, ಹೊಸ್ತಿಲು ದಾಟಿಸುವ ಹಾಗೂ ಇಲ್ಲ. ಹಿಡಿದದ್ದೆಲ್ಲ ಚಾಚಾನ ಪಾಲು.

“ತಿನ್ನಂಗಿಲ್ಲ ಅಂದ್ರ ಯಾಕ ಹಿಡೀತೀರಿ?” ಎಂದು ಹೆಂಡತಿ ಕೇಳಿದಳು.

“ನೀ ದಿನಾ ಧಾರಾವಾಹಿ ನೋಡ್ತಿ. ಅದನ್ನೇನು ತಿಂತಿ?” ಎಂದೆ.

ಆ ದಿನ ನಾನೂ ಏನೂ ತಿನ್ನಲಿಲ್ಲ. ಅವಳು ಬಡಿಸಲಿಲ್ಲ.

ಹೆಸರಿನ ಜಗಳ

ಒಂದು ಮುಂಜಾನೆ ನನ್ನ ಗಾಳಕ್ಕೆ ಮೊಳದುದ್ದದ ಕರಿ ಮೀನು ಬಿತ್ತು. ದಂಡೆಯ ಮೇಲೆ ಹಾಕಿ, “ಕೊರಮೀನು!” ಎಂದು ಕೂಗಿದೆ.

“ಅರೆ ಭಾಯ್, ಇದು ಮರಲ್,” ಎಂದರು ಚಾಚಾ.

ಪಕ್ಕದಲ್ಲಿ ಗಾಳ ಹಾಕಿದ್ದ ಕಮಲನಗರದ ಕಿರಾಣಿ ಅಂಗಡಿಯವರು ಎದ್ದು ಬಂದರು. “ಇಬ್ಬರಿಗೂ ಗೊತ್ತಿಲ್ಲ. ಮರಾಠ್ಯಾಗ ಇದಕ್ಕ ಡೋಕ ಅಂತಾರ.”

ನಾನು ನಮ್ಮ ಕಡೆಯ ಸಾಕ್ಷಿ ಹೇಳಿದೆ, ಚಾಚಾ ತಮ್ಮ ಅಜ್ಜನ ಕಾಲದ ಮಾತು ಹೇಳಿದರು, ಕಿರಾಣಿಯವರು ಸೋದರಮಾವನಿಗೆ ಫೋನ್ ಹಚ್ಚಿದರು. ಆ ಜಾತಿಯ ಮೀನು ನೀರಿಲ್ಲದೆಯೂ ಒಂದಷ್ಟು ಹೊತ್ತು ಬದುಕುತ್ತದೆ, ಹಸಿ ನೆಲದ ಮೇಲೆ ತೆವಳುತ್ತದೆ. ಸೋದರಮಾವ ಫೋನ್ ಎತ್ತುವಷ್ಟರಲ್ಲಿ ಅದು ತೆವಳಿ ತೆವಳಿ ನೀರು ಸೇರಿತ್ತು.

ಮೂವರೂ ನೀರಿನ ಕಡೆ ನೋಡುತ್ತ ನಿಂತೆವು. ಚಾಚಾ ನಿಟ್ಟುಸಿರು ಬಿಟ್ಟರು. “ಈಗ ಯಾವ ಹೆಸರಿಂದ ಬೇಕಾದ್ರ ಕರೀರಿ. ತಿರುಗಿ ಬರಂಗಿಲ್ಲ.”

ಮಾವನ ಉಂಡಿ

ರೋಹು ಮೀನಿಗೆ ಸಿಹಿ ವಾಸನೆ ಬೇಕು. ಅದಕ್ಕೆ ನಾನು ಎಮ್ಮೆಗೆ ಹಾಕುವ ಶೇಂಗಾ ಹಿಂಡಿಯನ್ನು ಕುಟ್ಟಿ, ಬೆಲ್ಲ, ಏಲಕ್ಕಿ ಸೇರಿಸಿ ಉಂಡೆ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಒಮ್ಮೆ ಔರಾದಿನಿಂದ ಮಾವ ಬಂದಿದ್ದರು. ಅವರಿಗೆಂದು ಹೆಂಡತಿ ಶೇಂಗಾ ಉಂಡಿ ಮಾಡಿ ಅಂಥದ್ದೇ ಇನ್ನೊಂದು ಡಬ್ಬಿಯಲ್ಲಿ ಇಟ್ಟಿದ್ದಳು.

ಡ್ಯಾಮಿಗೆ ಹೋಗಿ ಡಬ್ಬಿ ತೆಗೆದರೆ ತುಪ್ಪದ ಘಮ. ಡಬ್ಬಿ ಅದಲುಬದಲಾಗಿತ್ತು. ಮನೆಗೆ ಫೋನ್ ಮಾಡಿ, “ಮಾವ ಚಹಾ ಕುಡದ್ರೇನು?” ಎಂದೆ.

“ಕುಡದ್ರು. ಎರಡು ಉಂಡಿನೂ ತಿಂದ್ರು. ಯಾಕ?”

“ಏನಂದ್ರು?”

“ಸ್ವಲ್ಪ ಗಟ್ಟಿ ಆಗ್ಯಾವ, ಆದ್ರ ರುಚಿ ಭಾಳ ಚಲೋ ಅದ ಅಂದ್ರು.”

ವಿಷಯ ತಿಳಿಸಿದೆ. ಹೆಂಡತಿ ಫೋನ್ ಇಟ್ಟೇಬಿಟ್ಟಳು. ಸಂಜೆ ಮನೆಗೆ ಬಂದಾಗ ಮಾವ ಗೆಲುವಾಗಿ ಕೂತಿದ್ದರು. ನಾನು ಹೆದರುತ್ತಲೇ, “ಹೊಟ್ಟಿ ಹ್ಯಾಂಗ ಅದರಿ?” ಎಂದು ಕೇಳಿದೆ.

“ಮಸ್ತ್ ಅದ! ನಿಮ್ಮ ಅತ್ತಿ ಮಾಡೋ ಉಂಡಿ ಇದರ ಮುಂದ ಏನೂ ಅಲ್ಲ. ಒಂದು ಡಬ್ಬಿ ಕಟ್ಟಿಕೊಡ್ರಿ, ಅಕಿಗೂ ಗೊತ್ತಾಗಲಿ.”

ಲೈಸೆನ್ಸ್

ಡ್ಯಾಮಿಗೆ ಹೊಸ ಕಾವಲುಗಾರ ಬಂದಿದ್ದ. ನೇರವಾಗಿ ನಮ್ಮ ಹತ್ತಿರ ಬಂದು, “ಲೈಸೆನ್ಸ್ ತೋರಸ್ರಿ,” ಎಂದ. ಗಡಿಬಿಡಿಯಲ್ಲಿ ಕಿಸೆಗೆ ಕೈ ಹಾಕಿದೆ, ಗಾಡಿಯ ಲೈಸೆನ್ಸ್ ಬಂತು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿದ.

“ಇದರಾಗ ಮೋಟರ್ ಸೈಕಲ್ ಅಂತ ಅದ.”

“ನಾವು ಮೋಟರ್ ಸೈಕಲ್ ಮ್ಯಾಲೇ ಬಂದೇವಿ,” ಎಂದರು ಚಾಚಾ.

“ಹಂಗಾದ್ರ ಸರಿ ಅದ,” ಎಂದು ಹೊರಟ. ಇಪ್ಪತ್ತು ಹೆಜ್ಜೆ ಹೋದವನು ತಲೆ ಕೆರೆದುಕೊಳ್ಳುತ್ತ ವಾಪಸ್ ಬಂದ. “ನೀವು ಮೋಟರ್ ಸೈಕಲ್ ಮ್ಯಾಲ ಬಂದ್ರಿ, ಖರೆ. ಈ ಬುಟ್ಟ್ಯಾಗಿನ ಮೀನು?”

“ಅದು ಈಜಿಕೋತ ಬಂತು,” ಎಂದರು ಚಾಚಾ.

ಬಸ್ಸಿನ ಪ್ರಯಾಣ

ಚಾಚಾ ಜ್ವರ ಬಂದು ಮಲಗಿದ್ದರು. ಹದಿನೈದು ದಿನವಾದರೂ ಮೈಯಲ್ಲಿ ಶಕ್ತಿ ಇರಲಿಲ್ಲ. ಫೋನಿನಲ್ಲಿ ಸಣ್ಣ ದನಿಯಲ್ಲಿ, “ಬಾಮಿನ ಸಾರು ಕುಡದ್ರ ಎದ್ದು ಕೂಡ್ತೇನಿ,” ಎಂದರು. ಬಾಮ್ ಅಂದರೆ ಹಾವಿನಂತೆ ಉದ್ದಕ್ಕಿರುವ ಮೀನು. ಎರಡು ದಿನ ಅಂಗಡಿ ಬಿಟ್ಟು ಕೂತೆ. ಕೊನೆಗೂ ಒಂದು ಸಿಕ್ಕಿತು. ಜೀವಂತ ಒಯ್ಯಬೇಕೆಂದು ನೀರು ತುಂಬಿದ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಬೀದರ್ ಬಸ್ ಹತ್ತಿದೆ.

ಕಂಡಕ್ಟರ್ ಡಬ್ಬಕ್ಕೆ ಕಾಲು ತಾಗಿಸಿ, “ಇದರಾಗ ಏನದ್ರಿ?” ಎಂದ.

“ಬಾಮ್ ಅದರಿ.”

“ಏನು?”

“ಬಾಮ್‌ರಿ. ಕಾಲು ಹಚ್ಚಬ್ಯಾಡ್ರಿ, ಒಮ್ಮಿಗೇ ಸಿಡೀತದ.”

ಸೀಟಿ ಊದಿದ ಸದ್ದು ನೆನಪಿದೆ, ಬ್ರೇಕ್ ಬಿದ್ದದ್ದು ನೆನಪಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಸ್ಸಿನ ಜನವೆಲ್ಲ ಪಕ್ಕದ ತೊಗರಿ ಹೊಲದಲ್ಲಿತ್ತು. ಎಲ್ಲರೂ ಯಾಕೆ ಇಳಿದರೆಂದು ತಿಳಿಯದೆ ನಾನೂ ಅವರ ಹಿಂದೆ ಓಡಿದೆ. ಒಳಗೆ ಉಳಿದವಳು ಒಬ್ಬಳು ಮುದುಕಿ ಮಾತ್ರ. “ಇಳದ್ರ ಕಿಟಕಿ ಸೀಟು ಹೋಗ್ತದ,” ಎಂದು ಕೂತೇ ಇದ್ದಳು.

“ಏನಾತ್ರಿ?” ಎಂದು ಪಕ್ಕದವರನ್ನು ಕೇಳಿದೆ. “ಯಾವನೋ ಬಾಂಬ್ ತಂದಾನಂತ!” ಎಂದರು. ಆಗ ನನ್ನ ತಲೆಗೆ ಹೋಯಿತು.

“ಅಯ್ಯೋ, ಅದು ಮೀನ್ರಿ! ಮೀನು!” ಎಂದು ಕೂಗಿದೆ. ಎಲ್ಲರೂ ಬೈದರು, ಆಮೇಲೆ ನಕ್ಕರು, ಮತ್ತೆ ಬಸ್ ಹತ್ತಿದರು. ಅಷ್ಟರಲ್ಲಿ ಓಡುವವರ ಕಾಲು ತಾಗಿ ಡಬ್ಬ ಉರುಳಿ ಮುಚ್ಚಳ ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಬಸ್ಸು ಹೊರಟು ಎರಡು ನಿಮಿಷವಾಗಿರಬೇಕು, ಮುಂದಿನ ಸೀಟಿನಿಂದ ಒಬ್ಬರು ಚೀರಿದರು: “ಹಾವು! ಹಾವು!”

ಮತ್ತೆ ಬ್ರೇಕ್, ಮತ್ತೆ ತೊಗರಿ ಹೊಲ. ಈ ಸಲ ಮುದುಕಿಯೂ ಇಳಿದಳು. ನಾನು ಸೀಟುಗಳ ಕೆಳಗೆ ತೆವಳಿ, ಟವೆಲ್ಲಿನಲ್ಲಿ ಬಾಮ್ ಹಿಡಿದುಕೊಂಡು, ಬೆವರುತ್ತ ಬಾಗಿಲಿಗೆ ಬಂದೆ.

ಕಂಡಕ್ಟರ್ ದೂರದಿಂದಲೇ ಕೈ ಮುಗಿದ.

“ಯಪ್ಪಾ, ಮೊದಲು ಬಾಂಬ್ ಅಂದ್ರಿ. ಆಮ್ಯಾಲ ಮೀನು ಅಂದ್ರಿ. ಈಗ ಹಾವು ಆಗ್ಯದ. ಬೀದರ್ ಮುಟ್ಟೋದ್ರಾಗ ಇನ್ನೇನೇನು ಆಗ್ತದ, ಒಮ್ಮಿಗೇ ಹೇಳಿಬಿಡ್ರಿ!”